ಓಡದೇ ಕೆಡುವ ಯಂತ್ರಗಳು

ಎರಡು ವರ್ಷಕ್ಕೊಮ್ಮೆ ಫೆಬ್ರವರಿಯಲ್ಲಿ ನಮ್ಮ ಕೋಗಿಲಿನ ತಾರಸಿಗಳಿಗೆ ಎಲ್ಲಿಲ್ಲದ ಬೆಲೆ ಬಂದುಬಿಡುತ್ತದೆ. ಯಲಹಂಕ ವಾಯುನೆಲೆಯಲ್ಲಿ ಏರೋ ಇಂಡಿಯಾ ಶುರುವಾಯಿತೆಂದರೆ ರಾಜಾಜಿನಗರದ ಭಾವನಿಗೆ, ತುಮಕೂರಿನ ಚಿಕ್ಕಮ್ಮನ ಮಕ್ಕಳಿಗೆ ಎಲ್ಲರಿಗೂ ನಮ್ಮ ನೆನಪಾಗುತ್ತದೆ. ನೀರಿನ ಟ್ಯಾಂಕಿನ ನೆರಳಿಗೆ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು, ತಲೆಗೆ ಟವೆಲು ಸುತ್ತಿಕೊಂಡು ಮಧ್ಯಾಹ್ನದವರೆಗೆ ಆಕಾಶ ನೋಡುತ್ತಾರೆ. ತೇಜಸ್ ನೆಟ್ಟಗೆ ಮೇಲಕ್ಕೆ ಚಿಮ್ಮಿದಾಗ ಹುಡುಗರು ಕೂಗುತ್ತಾರೆ. ನನ್ನ ತಲೆಯಲ್ಲಿ ಓಡುವುದು ಬೇರೆ: ಅಷ್ಟೆತ್ತರದಲ್ಲಿ ಪೈಲಟ್‌ಗೆ ಉಸಿರು ಎಲ್ಲಿಂದ ಬರುತ್ತದೆ? ಅದು ವೃತ್ತಿಯ ಚಾಳಿ, ನಿವೃತ್ತಿಯಾದರೂ ಬಿಟ್ಟಿಲ್ಲ.

ಪೀಣ್ಯದ ಕಾರ್ಖಾನೆಗಳಲ್ಲಿ ಕಂಪ್ರೆಸರ್, ಏರ್ ಡ್ರೈಯರ್‌ಗಳ ಸರ್ವಿಸ್ ಮಾಡಿಕೊಂಡಿದ್ದವನು ನಾನು. ಗಾಳಿಯನ್ನು ಒತ್ತಬೇಕು, ಒತ್ತಿದ ಗಾಳಿಯಿಂದ ನೀರು ತೆಗೆಯಬೇಕು. ಪೇಂಟ್ ಬೂತಿನವರಿಗೆ, ಮಾತ್ರೆ ಮಾಡುವವರಿಗೆ ಗಾಳಿಯಲ್ಲಿ ಒಂದು ಹನಿ ತೇವವಿದ್ದರೂ ಮಾಲು ಹಾಳು. ಲೇಸರ್ ಕಟಿಂಗ್‌ನವರಿಗೆ ಆಮ್ಲಜನಕ ತೆಗೆದ ಗಾಳಿ ಬೇಕು. ಈ ಎಲ್ಲ ಯಂತ್ರಗಳ ಹೊಟ್ಟೆಯಲ್ಲೂ ಇರುವುದು ಸಣ್ಣ ಸಣ್ಣ ಕಾಳುಗಳು. ಒಂದರಲ್ಲಿ ಅಲ್ಯುಮಿನಾ, ಒಂದರಲ್ಲಿ ಸಿಲಿಕಾ ಜೆಲ್, ಇನ್ನೊಂದರಲ್ಲಿ ಜಿಯೋಲೈಟ್, ಮತ್ತೊಂದರಲ್ಲಿ ವಿಶೇಷವಾಗಿ ಮಾಡಿದ ಇದ್ದಿಲು. ಗಾಳಿಯಲ್ಲಿರುವ ಯಾವುದೋ ಒಂದರ ಅಣುಗಳನ್ನು ಮೈಮೇಲೆ ಹಿಡಿದುಕೊಂಡು ಮಿಕ್ಕವನ್ನು ಮುಂದಕ್ಕೆ ಬಿಡುವುದು ಆ ಕಾಳುಗಳ ಗುಣ. ರಸಾಯನಶಾಸ್ತ್ರದಲ್ಲಿ ಇದಕ್ಕೆ ಅಧಿಶೋಷಣೆ ಎನ್ನುತ್ತಾರೆ. ನಮ್ಮ ಶಾಪಿನ ಭಾಷೆಯಲ್ಲಿ ಹಿಡಿಯೋದು, ಬಿಡೋದು.

ತೇಜಸ್‌ಗಾಗಿ ಇದೇ ತತ್ತ್ವದ ಮೇಲೆ, ವಿಮಾನದಲ್ಲೇ ಆಮ್ಲಜನಕ ತಯಾರಿಸುವ ವ್ಯವಸ್ಥೆಯನ್ನು ರೂಪಿಸಿದ್ದು ನಮ್ಮ ಊರಿನ ಸಿ.ವಿ. ರಾಮನ್ ನಗರದಲ್ಲಿರುವ ಡಿಆರ್‌ಡಿಒದ ಡೆಬೆಲ್ ಪ್ರಯೋಗಾಲಯ. 2021ರಲ್ಲಿ ಕೋವಿಡ್‌ನಿಂದ ದೇಶಕ್ಕೆ ಉಸಿರು ಕಟ್ಟಿದಾಗ ಆ ತಂತ್ರಜ್ಞಾನವೇ ಆಸ್ಪತ್ರೆಗಳಿಗೆ ಬಂತು. ಬೆಂಗಳೂರಿನ ಟಾಟಾ ಅಡ್ವಾನ್ಸ್‌ಡ್ ಸಿಸ್ಟಮ್ಸ್, ಕೊಯಮತ್ತೂರಿನ ಟ್ರೈಡೆಂಟ್ ನ್ಯೂಮ್ಯಾಟಿಕ್ಸ್ ಕಂಪನಿಗಳಿಗೆ ವಿನ್ಯಾಸ ಕೊಟ್ಟರು. ನಿಮಿಷಕ್ಕೆ 1,000 ಲೀಟರ್ ಕೊಡುವ ಘಟಕ ಅದು. ತಲಾ 5 ಲೀಟರಿನಂತೆ ಸುಮಾರು 190 ರೋಗಿಗಳಿಗೆ ಸಾಕು. 2021ರ ಅಕ್ಟೋಬರ್ 7ರ ಹೊತ್ತಿಗೆ ಪಿಎಂ ಕೇರ್ಸ್ ಹಣದಲ್ಲಿ ದೇಶಾದ್ಯಂತ ಮಂಜೂರಾಗಿದ್ದ ಬೇರೆ ಬೇರೆ ಗಾತ್ರದ ಘಟಕಗಳು 1,224. ಅದರಲ್ಲಿ 1,100ಕ್ಕೂ ಹೆಚ್ಚು ಚಾಲೂ ಆಗಿದ್ದವು. 7 ಸಾವಿರಕ್ಕೂ ಹೆಚ್ಚು ಜನರಿಗೆ ಅವನ್ನು ನಡೆಸುವ ತರಬೇತಿಯನ್ನೂ ಕೊಟ್ಟರು. ಕಂಪನಿಗಳು, ಸಂಘಸಂಸ್ಥೆಗಳು ದಾನ ಕೊಟ್ಟ ಘಟಕಗಳು ಬೇರೆ. ಕಡಿಮೆ ಕೆಲಸವಲ್ಲ. ಸರ್ಕಾರವನ್ನು ಬೈಯಲಿಕ್ಕೆ ನಾನು ಬರೆಯುತ್ತಿಲ್ಲ.

ಬರೆಯುತ್ತಿರುವುದು ಆಮೇಲಿನ ಕಥೆಗೆ. ಸಂಬಂಧಿಕರೊಬ್ಬರನ್ನು ನೋಡಲು ಹೋದ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ (ಹೆಸರು ಬೇಡ) ಹಿಂದುಗಡೆ ಶೆಡ್ಡಿನಲ್ಲಿ ಘಟಕ ಕಂಡಿತು. ಸುಮ್ಮನೆ ಇರಲಾಗದೆ ಹತ್ತಿರ ಹೋದೆ. ಶೆಡ್ಡಿಗೆ ಬೀಗ. ಜಾಲರಿಯಿಂದ ಇಣುಕಿದರೆ ಎರಡು ಟವರ್, ಒಂದು ರಿಸೀವರ್ ಟ್ಯಾಂಕು, ಪ್ಯಾನೆಲ್ಲಿನ ಮೇಲೆ ಧೂಳು, ಕಂಪ್ರೆಸರಿನ ಬಾಯಿಗೆ ಜೇಡರಬಲೆ. ಡ್ರೈನ್ ವಾಲ್ವಿನ ಕೆಳಗೆ ನೆಲ ಒಣಗಿ ಬಿರುಕು ಬಿಟ್ಟಿತ್ತು. ಓಡುವ ಕಂಪ್ರೆಸರಿನ ಕೆಳಗೆ ನೆಲ ಒಣಗಿರುವುದೇ ಇಲ್ಲ, ನಮ್ಮ ಗಾಳಿಯಲ್ಲಿ ಅಷ್ಟು ನೀರಿರುತ್ತದೆ. ಅಲ್ಲಿದ್ದ ಸಿಬ್ಬಂದಿಯನ್ನು ಕೇಳಿದರೆ, 'ಹೊಸದೇ ಸಾರ್, ಒಂದ್ ಚೂರೂ ಯೂಸ್ ಆಗಿಲ್ಲ' ಎಂದರು. ಅವರ ದನಿಯಲ್ಲಿ ಹೆಮ್ಮೆಯಿತ್ತು. ಜೋಪಾನವಾಗಿ ಇಟ್ಟಿದ್ದೇವೆ ಎಂಬ ಅರ್ಥದಲ್ಲಿ ಹೇಳಿದರು.

ಈ ಯಂತ್ರವನ್ನು ಹಾಗೆ ಜೋಪಾನ ಮಾಡಲು ಬರುವುದಿಲ್ಲ. ಬಳಸದೆ ಇಟ್ಟರೆ ಹೊಸದಾಗಿಯೇ ಉಳಿಯುವ ಜಾತಿಯದಲ್ಲ ಇದು. ಯಾಕೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಆರೋಗ್ಯ ಇಲಾಖೆಯ ಸಭೆಗಳಲ್ಲಿ ಇದನ್ನು ಹೇಳುವವರು ಇದ್ದಂತೆ ಕಾಣುವುದಿಲ್ಲ.

ನಾವು ಉಸಿರಾಡುವ ಗಾಳಿಯಲ್ಲಿ ಶೇ. 78 ಸಾರಜನಕ, ಶೇ. 21 ಆಮ್ಲಜನಕ, ಶೇ. 1ಕ್ಕೆ ಸ್ವಲ್ಪ ಕಮ್ಮಿ ಆರ್ಗಾನ್. ಸಾರಜನಕವನ್ನು ತೆಗೆದುಬಿಟ್ಟರೆ ಉಳಿಯುವುದು ಹೆಚ್ಚೂಕಮ್ಮಿ ಆಮ್ಲಜನಕವೇ. ಆರ್ಗಾನ್ ಅದರ ಜೊತೆಗೇ ಬರುವುದರಿಂದ ಇಂಥ ಯಂತ್ರ ಶೇ. 95 ದಾಟುವುದು ಕಷ್ಟ. ಶೇ. 93ರ ಆಸುಪಾಸು ಬಂದರೆ ಆಸ್ಪತ್ರೆಗೆ ಒಪ್ಪಿಗೆ. ತೆಗೆಯುವ ಕೆಲಸ ಜಿಯೋಲೈಟಿನದು. ಸಿಲಿಕಾನ್, ಅಲ್ಯುಮಿನಿಯಂ, ಆಮ್ಲಜನಕದ ಪರಮಾಣುಗಳು ಗೂಡುಗೂಡಾಗಿ ಹೆಣೆದುಕೊಂಡ ಹರಳು ಅದು. ಹೊರಗಿನಿಂದ ನೋಡಿದರೆ ಸಾಸಿವೆಗಿಂತ ಕೊಂಚ ದಪ್ಪದ ಬಿಳೀ ಕಾಳು. ಒಳಗಿನ ಗೂಡುಗಳ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಒಂದು ಗ್ರಾಂ ಕಾಳಿನಲ್ಲಿ ನಮ್ಮ ಬಡಾವಣೆಯ 30×40 ಸೈಟು ಐದು ಸಿಗುತ್ತವೆ. ಕೋಗಿಲಿನಲ್ಲಿ ಇವತ್ತು ಒಂದು ಸೈಟಿಗೆ ಏನು ರೇಟು ಎಂಬುದು ಗೊತ್ತಿರುವವರಿಗೆ ಆ ಕಾಳಿನ ಬೆಲೆ ಅರ್ಥವಾಗಬಹುದು!

ಆ ಗೂಡಿನ ಗೋಡೆಗಳಲ್ಲಿ ಸೋಡಿಯಂ ಅಥವಾ ಲಿಥಿಯಂ ಅಯಾನುಗಳು ಕೂತಿರುತ್ತವೆ. ಅವುಗಳ ವಿದ್ಯುತ್ ಸೆಳೆತ ಎಲ್ಲ ಅಣುಗಳ ಮೇಲೂ ಸಮನಾಗಿ ನಡೆಯುವುದಿಲ್ಲ. ಸಾರಜನಕದ ಅಣುವಿನಲ್ಲಿ ವಿದ್ಯುದಂಶ ಹಂಚಿಕೊಂಡಿರುವ ರೀತಿಯಿಂದಾಗಿ ಅದು ಹೆಚ್ಚು ಸೆಳೆಯಲ್ಪಡುತ್ತದೆ, ಆಮ್ಲಜನಕ ಕಡಿಮೆ. ಜರಡಿ ಹಿಡಿದಂತೆ ಸಣ್ಣದು ಒಳಗೆ, ದೊಡ್ಡದು ಹೊರಗೆ ಎಂದು ಸುಮಾರು ಜನ ತಿಳಿದಿದ್ದಾರೆ. ಹಾಗೇನಿಲ್ಲ, ಎರಡೂ ಗೂಡಿನೊಳಕ್ಕೆ ಹೋಗುತ್ತವೆ. ಒಂದು ಹೆಚ್ಚು ಹೊತ್ತು ತಂಗುತ್ತದೆ, ಇನ್ನೊಂದು ಮುಂದಕ್ಕೆ ಹೋಗುತ್ತದೆ. ಹೆಚ್ಚು ಹೊತ್ತು ಎಂದರೂ ಒಂದು ಜಾಗದಲ್ಲಿ ಸಾರಜನಕದ ಅಣು ನಿಲ್ಲುವುದು ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಬಂದು ಕೂರುವವು, ಎದ್ದು ಹೋಗುವವು ಒಂದೇ ಸಮನೆ ನಡೆದಿರುತ್ತವೆ. ಮೇಲ್ಮೈಯ ಈ ಲೆಕ್ಕವನ್ನು ಮೊದಲು ಸರಿಯಾಗಿ ಹಾಕಿದವನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ವಿದ್ಯುತ್ ಬಲ್ಬುಗಳ ಮೇಲೆ ಕೆಲಸ ಮಾಡುತ್ತಿದ್ದ ಅರ್ವಿಂಗ್ ಲಾಂಗ್ಮ್ಯೂರ್. ಅದು 1916-18ರ ಮಾತು, 1932ರಲ್ಲಿ ಅವನಿಗೆ ನೊಬೆಲ್ ಬಂತು. ಒತ್ತಡ ಹೆಚ್ಚಿಸಿದರೆ ಕೂರುವವು ಜಾಸ್ತಿ, ಇಳಿಸಿದರೆ ಏಳುವವು ಜಾಸ್ತಿ.

ಇಷ್ಟು ಗೊತ್ತಾದರೆ ಯಂತ್ರ ಅರ್ಥವಾದ ಹಾಗೇ. ಎರಡು ಟವರ್. ಒಂದಕ್ಕೆ ಗಾಳಿಯನ್ನು ಒತ್ತಿ ತುಂಬಿದಾಗ ಸಾರಜನಕ ಕಾಳಿಗೆ ಹಿಡಿದುಕೊಂಡು ಆಮ್ಲಜನಕ ಮೇಲಿನಿಂದ ಹೊರಬರುತ್ತದೆ. ಕಾಳು ಭರ್ತಿಯಾಗುವ ಮೊದಲೇ ವಾಲ್ವ್ ತಿರುಗಿ, ಇನ್ನೊಂದು ಟವರ್ ಕೆಲಸಕ್ಕೆ ಇಳಿಯುತ್ತದೆ. ಮೊದಲನೆಯದರ ಒತ್ತಡವನ್ನು ಒಮ್ಮೆಲೇ ಕಳೆದರೆ ಸಾರಜನಕ ಬಿಟ್ಟುಕೊಂಡು ಮಫ್ಲರಿನಿಂದ 'ಬುಸ್ಸ್' ಎಂದು ಹೊರಹೋಗುತ್ತದೆ. ತಯಾರಾದ ಆಮ್ಲಜನಕದಲ್ಲೇ ಸ್ವಲ್ಪ ಭಾಗವನ್ನು ಹಿಂದಕ್ಕೆ ಹಾಯಿಸಿ ಟವರನ್ನು ತೊಳೆಯುತ್ತಾರೆ. 1950ರ ದಶಕದ ಕೊನೆಗೆ ಎಸ್ಸೋ ಕಂಪನಿಯ ಚಾರ್ಲ್ಸ್ ಸ್ಕಾರ್‌ಸ್ಟ್ರೋಮ್ ಹೊಂದಿಸಿದ ಚಕ್ರ ಇದು. ಬಿಸಿ ಬೇಡ, ಬೆಂಕಿ ಬೇಡ, ಬರೀ ಒತ್ತಡದ ಏರಿಳಿತ. ನನ್ನ ಮಟ್ಟಿಗೆ ಅವನೇ ದೊಡ್ಡ ಮೇಸ್ತ್ರಿ. ಹಿಡಿಯುವ ವಸ್ತುಗಳು ಅವನಿಗಿಂತ ಮೊದಲೇ ಇದ್ದವು. ಬಿಡಿಸುವ ಸುಲಭದ ದಾರಿಯನ್ನು ಹುಡುಕಿ ಅವುಗಳಿಂದ ದಿನವಿಡೀ ದುಡಿಸಿದವನು ಅವನು.

ಈಗ ನೀರಿನ ವಿಷಯಕ್ಕೆ ಬರುತ್ತೇನೆ. ಜಿಯೋಲೈಟಿಗೆ ಸಾರಜನಕದ ಮೇಲಿರುವ ಸೆಳೆತ ನೀರಿನ ಮೇಲಿರುವ ಸೆಳೆತದ ಮುಂದೆ ಏನೇನೂ ಅಲ್ಲ. ನೀರಿನ ಅಣು ಅಲ್ಲಿ ಕೋಟಿಗಟ್ಟಲೆ ಪಟ್ಟು ಹೆಚ್ಚು ಹೊತ್ತು ಅಂಟಿಕೊಂಡಿರುತ್ತದೆ. ಒತ್ತಡ ಕಳೆದ ಮಾತ್ರಕ್ಕೆ ಅದು ಕದಲುವುದಿಲ್ಲ. ಬಿಡಿಸಬೇಕಾದರೆ 200-300 ಡಿಗ್ರಿ ಬಿಸಿ ಬೇಕು, ಆಸ್ಪತ್ರೆಯ ಘಟಕದಲ್ಲಿ ಅಂಥ ಒಲೆ ಇಲ್ಲ. ನೀರು ಕೂತ ಜಾಗ ಸಾರಜನಕದ ಪಾಲಿಗೆ ಹೋದಂತೆಯೇ ಸರಿ.

ಇದನ್ನು ಕಣ್ಣಾರೆ ನೋಡಬೇಕೆಂದರೆ ರಸ್ತೆ ಬದಿಯ ದೊಡ್ಡ ಟ್ರಾನ್ಸ್‌ಫಾರ್ಮರ್‌ಗೆ ನೇತುಹಾಕಿದ ಪಾರದರ್ಶಕ ಡಬ್ಬಿ ನೋಡಿ. ಎಣ್ಣೆ ಬಿಸಿಯಾಗಿ ಹಿಗ್ಗಿ, ತಣ್ಣಗಾಗಿ ಕುಗ್ಗುವಾಗ ಟ್ರಾನ್ಸ್‌ಫಾರ್ಮರ್ ಎಳೆದುಕೊಳ್ಳುವ ಗಾಳಿ ಆ ಡಬ್ಬಿಯ ಸಿಲಿಕಾ ಜೆಲ್ ಮೂಲಕವೇ ಹೋಗಬೇಕು. ಒಣಗಿದ್ದಾಗ ನೀಲಿ, ನೀರು ಹಿಡಿದಾಗ ಗುಲಾಬಿ. ಗುಲಾಬಿಯಾದ ಜೆಲ್ಲನ್ನು ಹಳೇ ಲೈನ್‌ಮ್ಯಾನ್‌ಗಳು ಕಬ್ಬಿಣದ ಬಾಣಲೆಯಲ್ಲಿ ಹಾಕಿ ಹುರಿಯುತ್ತಿದ್ದರು. ನೀರು ಬಿಟ್ಟು ಮತ್ತೆ ನೀಲಿಗೆ ತಿರುಗುತ್ತಿತ್ತು. ಜಿಯೋಲೈಟಿಗೆ ಈ ಬಣ್ಣದ ಸೌಲಭ್ಯವೂ ಇಲ್ಲ. ಕೆಟ್ಟರೂ ಬಿಳಿ, ಚೆನ್ನಾಗಿದ್ದರೂ ಬಿಳಿ.

ಘಟಕ ದಿನಾ ಓಡುತ್ತಿದ್ದರೆ ನೀರಿನ ಕಾಟ ಹದ್ದಿನಲ್ಲಿರುತ್ತದೆ. ಮುಂದುಗಡೆ ಡ್ರೈಯರ್ ಇರುತ್ತದೆ. ಅದನ್ನೂ ತಪ್ಪಿಸಿಕೊಂಡು ಬಂದ ಅಲ್ಪಸ್ವಲ್ಪ ತೇವ ಟವರಿನ ಬಾಯಿಯ ಹತ್ತಿರದ ಕಾಳುಗಳಲ್ಲೇ ಸಿಕ್ಕಿಕೊಳ್ಳುತ್ತದೆ. ಪ್ರತಿ ಸುತ್ತಿನಲ್ಲೂ ಮೇಲಿನಿಂದ ಬರುವ ಒಣ ಗಾಳಿ ಅದನ್ನು ಅಲ್ಲಿಂದ ಆಚೆಗೆ ದಾಟಲು ಬಿಡದೆ ಹಿಂದಕ್ಕೆ ತಳ್ಳುತ್ತಿರುತ್ತದೆ. ಯಂತ್ರ ನಿಲ್ಲಿಸಿದ ಗಳಿಗೆಯಿಂದ ತಳ್ಳುವವರು ಯಾರೂ ಇಲ್ಲ. ಬಾಯಿಯ ಹತ್ತಿರ ಇದ್ದ ನೀರು ತಾನಾಗಿ, ನಿಧಾನವಾಗಿ ಒಣಗಿದ ಕಾಳುಗಳ ಕಡೆಗೆ ಹರಡಿಕೊಳ್ಳುತ್ತದೆ. ವಾಲ್ವ್ ಸಂದಿಯಿಂದ, ಸಡಿಲಾದ ಗ್ಯಾಸ್ಕೆಟ್ಟಿನಿಂದ ಮಳೆಗಾಲದ ಗಾಳಿ ಒಳನುಸುಳಿ ಇನ್ನಷ್ಟು ಕೊಡುತ್ತದೆ. ಬೀಗ ಹಾಕಿದ ಶೆಡ್ಡಿನೊಳಗೆ, ಕರೆಂಟು ಖರ್ಚಾಗದೆ, ಯಾರ ಕೈಯೂ ಸೋಕದೆ ಯಂತ್ರ ಕೆಡುವುದು ಹೀಗೆ.

ಲಾಕ್‌ಡೌನ್ ಮುಗಿದ ಮೇಲೆ ಪೀಣ್ಯದಲ್ಲಿ ಇದೇ ಗೋಳು ನೋಡಿದ್ದೆವು. ಒಂದು ಕಾರ್ಖಾನೆಯಲ್ಲಿ ಜಿಯೋಲೈಟ್ ತುಂಬಿದ ಡ್ರೈಯರ್ ಬಹಳ ದಿನ ನಿಂತಿತ್ತು. ಚಾಲೂ ಮಾಡಿದರೆ ಲೈನಿನಲ್ಲಿ ನೀರೋ ನೀರು. ಮಾಲೀಕರಿಗೆ ರೇಗಿಹೋಗಿತ್ತು. 'ಏನ್ ಸಾರ್ ಇದು, ಓಡೇ ಇಲ್ಲ. ಓಡದೇ ಇರೋದು ಕೆಡೋದು ಹೆಂಗೆ?' ನಾನು ಉತ್ತರ ಹೇಳಲಿಲ್ಲ. ಹುಡುಗನಿಗೆ ಹೊಸ ಡ್ರಮ್ಮು ಒಡೆಯಲು ಹೇಳಿ, ಮಾಲೀಕರ ಅಂಗೈ ಒದ್ದೆ ಮಾಡಿಸಿ ಒಂದು ಚಿಟಿಕೆ ಹೊಸ ಕಾಳು ಹಾಕಿದೆ. ಚುರ್ ಎಂದಿತು, ಅವರು ಕೈ ಕೊಡವಿಕೊಂಡರು. ಆಮೇಲೆ ಟವರಿನ ಮೇಲಿನ ಫ್ಲಾಂಜ್ ಬಿಚ್ಚಿ ಅಲ್ಲಿನ ಕಾಳು ತೆಗೆದು ಅದೇ ಒದ್ದೆ ಕೈಗೆ ಹಾಕಿದೆ. ತಣ್ಣಗೆ ಕೂತಿತ್ತು. 'ಅಣ್ಣಾ, ಇದು ಬರೀ ಕಲ್ಲು' ಎಂದ ಹುಡುಗ. ಅಣು ಮೇಲ್ಮೈಗೆ ಅಂಟುವಾಗ ಶಾಖ ಹೊರಬರುತ್ತದೆ, ಬಿಡಿಸಲು ಅಷ್ಟೇ ಶಾಖವನ್ನು ಹಿಂದಕ್ಕೆ ಕೊಡಬೇಕು. ಹೊಸ ಕಾಳು ನೀರನ್ನು ಹಿಡಿದು ಕೈ ಸುಟ್ಟಿತು, ಹಳೆಯದು ಆಗಲೇ ಹಿಡಿದು ಮುಗಿಸಿತ್ತು. (ನೀವು ಮಾಡಿ ನೋಡಬೇಡಿ, ನಿಜಕ್ಕೂ ಸುಡುತ್ತದೆ. ಕಣ್ಣಿಗೆ ಧೂಳು ಹೋದರೆ ಇನ್ನೂ ಕಷ್ಟ.)

ಕಾರ್ಖಾನೆಯಲ್ಲಾದರೆ ಮಾಲು ಹಾಳಾಗಿ ಹೋಗುತ್ತದೆ. ಆಸ್ಪತ್ರೆಯಲ್ಲಿ? ಘಟಕ ಎಂದಿನಂತೆಯೇ ಶಬ್ದ ಮಾಡುತ್ತದೆ, ಪೈಪಿನಲ್ಲಿ ಗಾಳಿ ಬರುತ್ತದೆ, ಮೀಟರಿನಲ್ಲಿ ಫ್ಲೋ ತೋರಿಸುತ್ತದೆ. ಬರುತ್ತಿರುವುದು ಶೇ. 93ರ ಆಮ್ಲಜನಕವೋ ಶೇ. 60ರದೋ ಎಂಬುದನ್ನು ಶುದ್ಧತೆಯ ಮೀಟರ್ ಮಾತ್ರ ಹೇಳಬಲ್ಲದು. ಅದು ಕೆಟ್ಟಿದ್ದರೆ ಹೇಳುವವರಿಲ್ಲ.

ಅಷ್ಟಕ್ಕೂ ಈ ಘಟಕಗಳು ಯಾಕೆ ಬಂದವು ಎಂಬುದನ್ನು ನಾವು ಬೇಗ ಮರೆತೆವು. 2021ರ ಮೇ 2-3ರಂದು, ಆಮ್ಲಜನಕದ ಕೊರತೆಯ ನಡುವೆ, ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ಜನ ಸತ್ತರು. ಸಿಲಿಂಡರುಗಳು ಮೈಸೂರಿನಿಂದ ಬರಬೇಕಿತ್ತು. ರಾಜ್ಯಕ್ಕೆ ದಿನಕ್ಕೆ 1,200 ಟನ್ ಆಮ್ಲಜನಕ ಕೊಡಿ ಎಂದು ಹೈಕೋರ್ಟ್ ಕೇಂದ್ರಕ್ಕೆ ಹೇಳಬೇಕಾಯಿತು, ಸುಪ್ರೀಂ ಕೋರ್ಟ್ ಅದನ್ನು ಮೇ 7ರಂದು ಎತ್ತಿಹಿಡಿಯಿತು. ಮೇ 11ರಂದು ವೈಟ್‌ಫೀಲ್ಡ್‌ಗೆ ಟಾಟಾನಗರದಿಂದ ಆಕ್ಸಿಜನ್ ರೈಲು ಬಂತು. ಎಲ್ಲಿಂದಲೋ ಲಾರಿಯಲ್ಲಿ, ರೈಲಿನಲ್ಲಿ ಬರುವುದನ್ನು ಕಾಯದೆ, ತಲೆ ಮೇಲಿನ ಗಾಳಿಯಿಂದಲೇ ಆಮ್ಲಜನಕ ತೆಗೆದುಕೊಳ್ಳಲಿ ಎಂದೇ ಊರೂರಿಗೆ ಘಟಕ ಕೊಟ್ಟದ್ದು.

ಘಟಕವನ್ನು ಯಾಕೆ ಓಡಿಸುವುದಿಲ್ಲ ಎಂದು ಕೇಳಿದರೆ ಆಸ್ಪತ್ರೆಯ ಲೆಕ್ಕಪತ್ರದವರು ಕೊಡುವ ಉತ್ತರ ನನಗೆ ಗೊತ್ತು, ಅದು ತಳ್ಳಿಹಾಕುವಂಥದ್ದಲ್ಲ. ಕಂಪ್ರೆಸರ್ ದೊಡ್ಡದು, ಕರೆಂಟು ಕುಡಿಯುತ್ತದೆ. ತೋರಣಗಲ್ಲಿನಂಥ ಉಕ್ಕಿನ ಕಾರ್ಖಾನೆಗಳಲ್ಲಿ ಗಾಳಿಯನ್ನು ದ್ರವ ಮಾಡಿ ತೆಗೆದ ಆಮ್ಲಜನಕ ಟ್ಯಾಂಕರಿನಲ್ಲಿ ಬಂದರೆ ದೊಡ್ಡ ಆಸ್ಪತ್ರೆಗಳಿಗೆ ಅಗ್ಗವೂ ಹೌದು, ಹೆಚ್ಚು ಶುದ್ಧವೂ ಹೌದು. ಒಪ್ಪಿದೆ, ದಿನಾ ಟ್ಯಾಂಕರಿನದನ್ನೇ ಬಳಸಿ. ಆದರೆ ಅದೇ ಆಸ್ಪತ್ರೆಯಲ್ಲಿ ಡೀಸೆಲ್ ಜನರೇಟರನ್ನು ಕರೆಂಟು ಹೋಗದಿದ್ದರೂ ಆಗಾಗ ಓಡಿಸಿ ನೋಡುತ್ತಾರೆ, ಡೀಸೆಲ್ ದಂಡವಾಯಿತು ಎಂದು ಯಾರೂ ಆಕ್ಷೇಪಣೆ ಬರೆಯುವುದಿಲ್ಲ. ಆಮ್ಲಜನಕ ಘಟಕಕ್ಕೂ ಅದೇ ನ್ಯಾಯ ಇರಲಿ. ವಾರಕ್ಕೆ ಒಂದೆರಡು ತಾಸು, ಶುದ್ಧತೆ ಶೇ. 93ರ ಹತ್ತಿರ ಬಂದು ನಿಲ್ಲುವವರೆಗೆ ಓಡಿಸಿ, ಆ ಹೊತ್ತಿನ ಆಮ್ಲಜನಕವನ್ನು ವಾರ್ಡಿನ ಲೈನಿಗೇ ಕೊಡಿ. ನಿಲ್ಲಿಸುವಾಗ ಟವರುಗಳನ್ನು ಒಣ ಗಾಳಿಯ ಒತ್ತಡದಲ್ಲಿಟ್ಟು ವಾಲ್ವ್ ಮುಚ್ಚಿ, ಹೊರಗಿನ ತೇವ ಒಳಗೆ ಬರಲು ದಾರಿ ಇರುವುದಿಲ್ಲ. 2022ರ ಡಿಸೆಂಬರ್ 27ರಂದು, 2023ರ ಏಪ್ರಿಲ್ 10-11ರಂದು ದೇಶಾದ್ಯಂತ ಅಣಕು ಕಾರ್ಯಾಚರಣೆ ನಡೆಸಿದರು, ಫೋಟೋಗಳು ಬಂದವು. ಈ ಕಾಳುಗಳಿಗೆ ವರ್ಷಕ್ಕೊಂದು ದಿನದ ಲೆಕ್ಕ ನಡೆಯುವುದಿಲ್ಲ.

ಓಡಿಸುವವರು ಯಾರು? ಗಂಟು ಇರುವುದು ಇಲ್ಲೇ. ಘಟಕ ಕೊಳ್ಳಲು ಹಣ ಒಂದೇ ಸಲ ಬರುತ್ತದೆ, ಓಡಿಸುವವನ ಸಂಬಳ ಪ್ರತಿ ತಿಂಗಳೂ ಬೇಕು. ತರಬೇತಿ ಪಡೆದವರಲ್ಲಿ ಎಷ್ಟೋ ಜನಕ್ಕೆ ಆಸ್ಪತ್ರೆಯಲ್ಲಿ ಬೇರೆ ಮೂರು ಕೆಲಸ ಇರುತ್ತದೆ. ಒಬ್ಬ ಐಟಿಐ ಹುಡುಗನಿಗೆ ಎರಡು ಮೂರು ತಾಲ್ಲೂಕಿನ ಘಟಕಗಳನ್ನು ವಹಿಸಿ, ಕೈಯಲ್ಲೊಂದು ಶುದ್ಧತೆ ಮೀಟರ್, ಗಾಳಿಯ ತೇವ ಅಳೆಯುವ ಒಂದು ಡ್ಯೂ ಪಾಯಿಂಟ್ ಮೀಟರ್ ಕೊಟ್ಟು, ವಾರಕ್ಕೊಂದು ಸುತ್ತು ಹಾಕಿಸಿದರೆ ಸಾಕು. ನನ್ನ ಜೊತೆ ಕೆಲಸ ಮಾಡಿದ ಯಾವ ಹುಡುಗನೂ ಇದನ್ನು ಮಾಡಬಲ್ಲ. ಹಾಗೆಯೇ ವಾರ್ಷಿಕ ನಿರ್ವಹಣೆಯ ಗುತ್ತಿಗೆ ಬರೆಯುವಾಗ ಫಿಲ್ಟರ್, ಆಯಿಲ್ ಜೊತೆಗೆ ಡ್ರೈಯರಿನ ಸ್ಥಿತಿ, ಕಾಳು ಬದಲಾವಣೆಯ ಖರ್ಚು ಇವೆರಡನ್ನೂ ಸೇರಿಸಿ. ನಾನು ನೋಡಿದ ಗುತ್ತಿಗೆಗಳಲ್ಲಿ ಕಾಳನ್ನು ಹೆಚ್ಚಾಗಿ ಹೊರಗಿಟ್ಟೇ ಬರೆದಿರುತ್ತಾರೆ. ಯಂತ್ರದ ಜೀವವೇ ಅದರಲ್ಲಿದೆ.

ನಮ್ಮ ಊರಲ್ಲಿ ಜ್ಞಾನಕ್ಕೇನೂ ಬರವಿಲ್ಲ. ಕೋಗಿಲು ಕ್ರಾಸಿನಿಂದ ನಾಲ್ಕೈದು ಕಿಲೋಮೀಟರ್ ಹೋದರೆ ಜಕ್ಕೂರಿನಲ್ಲಿ ಸಿ.ಎನ್.ಆರ್. ರಾವ್ ಅವರು 1989ರಲ್ಲಿ ಕಟ್ಟಿದ ಜವಾಹರಲಾಲ್ ನೆಹರೂ ಉನ್ನತ ವಿಜ್ಞಾನ ಸಂಶೋಧನಾ ಕೇಂದ್ರವಿದೆ. ಜಿಯೋಲೈಟಿಗಿಂತಲೂ ವಿಶಾಲವಾದ ಗೂಡುಗಳಿರುವ ಲೋಹ-ಸಾವಯವ ಹಂದರಗಳ ಮೇಲೆ ಅಲ್ಲಿ ಕೆಲಸ ನಡೆಯುತ್ತದೆ. ಅಂಥ ಹಂದರಗಳಿಗಾಗಿಯೇ ಕಿಟಗಾವಾ, ರಾಬ್ಸನ್, ಯಾಘಿ ಅವರಿಗೆ 2025ರ ರಸಾಯನಶಾಸ್ತ್ರದ ನೊಬೆಲ್ ಬಂತು. ಸಂತೋಷ, ಬರಲಿ. ಹೆಚ್ಚು ಹಿಡಿಯುವ ವಸ್ತುವಿಗೆ ಪ್ರಶಸ್ತಿಯೂ ಇದೆ, ಪೇಟೆಂಟೂ ಇದೆ. ಹಿಡಿದದ್ದನ್ನು ಸರಿಯಾಗಿ ಬಿಡಿಸಿ ಮತ್ತೆ ಕೆಲಸಕ್ಕೆ ಹಚ್ಚುವವನಿಗೆ ನಮ್ಮಲ್ಲಿ ಒಂದು ಹುದ್ದೆಯೂ ಮಂಜೂರಾಗುವುದಿಲ್ಲ.

ಮನೆಗಳಲ್ಲಿರುವ ಆಕ್ಸಿಜನ್ ಕಾನ್ಸಂಟ್ರೇಟರ್‌ಗಳ ಬಗ್ಗೆಯೂ ಒಂದು ಮಾತು. 2021ರಲ್ಲಿ ಸಾಲ ಮಾಡಿ ಕೊಂಡವರು, ಅಮೆರಿಕದಲ್ಲಿರುವ ಮಗ ಕಳಿಸಿ ಪಡೆದವರು, ಅಪಾರ್ಟ್‌ಮೆಂಟ್ ಸಂಘದಿಂದ ತರಿಸಿದವರು ನಮ್ಮ ಸುತ್ತಮುತ್ತ ಬೇಕಾದಷ್ಟಿದ್ದಾರೆ. ಅದೂ ಇದೇ ಯಂತ್ರದ ಸಣ್ಣ ರೂಪ, ಅದರೊಳಗೂ ಎರಡು ಪುಟ್ಟ ಡಬ್ಬಿಗಳಲ್ಲಿ ಇದೇ ಕಾಳು. ಮೇಲೆ ಹಳೇ ಬೆಡ್‌ಶೀಟ್ ಹೊದಿಸಿ ಯುಟಿಲಿಟಿಯಲ್ಲಿ, ವಾಷಿಂಗ್ ಮೆಷಿನ್ ಪಕ್ಕದಲ್ಲಿ ಇಟ್ಟಿದ್ದರೆ ಮೊದಲು ಅಲ್ಲಿಂದ ತೆಗೆಯಿರಿ. ತಿಂಗಳಿಗೊಮ್ಮೆಯಾದರೂ ಒಂದು ತಾಸು ಓಡಿಸಿ, ಹಿಂದಿನ ಸ್ಪಂಜು ಫಿಲ್ಟರ್ ತೊಳೆದು ಪೂರ್ತಿ ಒಣಗಿಸಿ ಹಾಕಿ. ಹಳದಿ ದೀಪ ಹತ್ತಿದರೆ, ಅಲಾರಂ ಕೂಗಿದರೆ ಶುದ್ಧತೆ ಶೇ. 85ರ ಆಸುಪಾಸಿಗೋ ಅದಕ್ಕೂ ಕೆಳಗೋ ಇಳಿದಿರಬಹುದು. ಸರ್ವಿಸ್‌ನವರಿಂದ ಅಳತೆ ಮಾಡಿಸದೆ ರೋಗಿಗೆ ಹಾಕಬೇಡಿ. ಅದಕ್ಕಿಂತ ಒಳ್ಳೆಯದು, ಶ್ವಾಸಕೋಶದ ಕಾಯಿಲೆಯಿಂದ ದಿನಾ ಆಮ್ಲಜನಕ ಬೇಕಾದವರು ನಿಮ್ಮ ಬೀದಿಯಲ್ಲಿ ಯಾರಾದರೂ ಇದ್ದರೆ, ಅವರ ವೈದ್ಯರನ್ನು ಕೇಳಿ ಅವರಿಗೆ ಕೊಟ್ಟುಬಿಡಿ. ಅವರ ಮನೆಯಲ್ಲಿ ದಿನಾ ಓಡುವ ಯಂತ್ರ ನಿಮ್ಮ ಮನೆಯಲ್ಲಿ ಮುಚ್ಚಿಟ್ಟ ಯಂತ್ರಕ್ಕಿಂತ ಹೆಚ್ಚು ಕಾಲ ಬಾಳುತ್ತದೆ.

ಆಸ್ಪತ್ರೆಗಳಿಗೆ ನನ್ನದೊಂದು ಬೇಡಿಕೆ. ಘಟಕದ ಶೆಡ್ಡಿನ ಮುಂದೆ ಉದ್ಘಾಟನೆಯ ಕಲ್ಲು ಹೇಗೂ ಇರುತ್ತದೆ, ಶಾಸಕರಿಂದ ಹಿಡಿದು ದಾನಿಗಳವರೆಗೆ ಎಲ್ಲರ ಹೆಸರೂ ಅದರಲ್ಲಿ ಕೆತ್ತಿರುತ್ತದೆ. ಅದರ ಪಕ್ಕದಲ್ಲಿ ಒಂದು ಸಣ್ಣ ಕರಿಹಲಗೆ ನೇತುಹಾಕಿ. ಕೊನೆಯ ಸಲ ಓಡಿಸಿದ ತಾರೀಕು, ಎಷ್ಟು ತಾಸು, ಶುದ್ಧತೆ ಎಷ್ಟು, ಓಡಿಸಿದವನ ಸಹಿ, ಇಷ್ಟನ್ನು ಬಳಪದಲ್ಲಿ ಬರೆದರೆ ಸಾಕು. ಓದುವವರು ಆಸ್ಪತ್ರೆಗೆ ಬರುವ ರೋಗಿಗಳ ಕಡೆಯವರೇ. ತಾರೀಕು ಹಳತಾಗಿದ್ದರೆ ಯಾರನ್ನು ಕೇಳಬೇಕು ಎಂಬುದು ಅವರಿಗೆ ಗೊತ್ತು.